ಎರಡು ನಿಮಿಷದ ಸಹಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಔಷಧ ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದರು. ಮೂರ್ಛೆರೋಗದ ಮಾತ್ರೆಯ ಒಂದು ಬ್ಯಾಚಿನಲ್ಲಿ ಮದ್ದಿನ ಅಂಶ ಕಡಿಮೆ. ಪರೀಕ್ಷೆಯಲ್ಲಿ ಫೇಲಾದದ್ದನ್ನು ಯಾರೋ ರದ್ದು ಮಾಡಿ, ಪಾಸ್ ತೋರಿಸಿದ್ದರು. ಅದನ್ನು ನುಂಗಿದ ಆರು ಜನ ಆಸ್ಪತ್ರೆಯಲ್ಲಿದ್ದರು. ಮ್ಯಾನೇಜರ್ ಆರೋಪಿಯನ್ನೂ ಗೊತ್ತುಮಾಡಿಕೊಂಡೇ ಬಂದಿದ್ದರು: ಲ್ಯಾಬಿನ ಕಿರಿಯ ವಿಶ್ಲೇಷಕಿ. ರದ್ದಾದದ್ದು ಅವಳ ಲಾಗಿನ್‌ನಿಂದ.

"ಅರೆಸ್ಟ್ ಮಾಡೋದೊಂದೇ ಬಾಕಿ."

"ಅದನ್ನಾದ್ರೂ ನಮಗೆ ಬಿಟ್ರಲ್ಲ, ದೊಡ್ಡದಾಯ್ತು," ಎಂದರು ಇನ್ಸ್‌ಪೆಕ್ಟರ್.

ಎಫ್‌ಐಆರ್ ದಾಖಲಿಸಿ ಜೀಪು ಹತ್ತಿದರು. ಅಂಗಡಿಗಳಿಂದ ಮಾತ್ರೆ ವಾಪಸ್ ಬರುತ್ತಿತ್ತು. ಮನೆ ಸೇರಿದ್ದನ್ನು ಹುಡುಕುವವರು ಯಾರು? ಈಗ ಯಾವ ಮನೆಯಲ್ಲಿ ಯಾರು ಅದನ್ನು ನುಂಗುತ್ತಿದ್ದಾರೋ ಎಂದು ಇನ್ಸ್‌ಪೆಕ್ಟರಿಗೆ ಕೂತಲ್ಲಿ ಕೂರಲಾಗಲಿಲ್ಲ.

ಲ್ಯಾಬಿನ ಕಂಪ್ಯೂಟರಿನಲ್ಲಿ ಯಾರು ಏನು ಮಾಡಿದರೂ ಅದು ತಾನಾಗಿ ದಾಖಲಾಗುತ್ತದೆ. ಅಲ್ಲಿನವರು ಅದಕ್ಕೆ ಆಡಿಟ್ ಟ್ರೇಲ್ ಎನ್ನುತ್ತಾರೆ. ಕಳೆದ ತಿಂಗಳು ಒಂಬತ್ತನೇ ತಾರೀಕು, ಮಧ್ಯಾಹ್ನ 2.14: ಫಲಿತಾಂಶ ರದ್ದು. ಕಾರಣ: ಯಂತ್ರದ ಕೊಳವೆಯಲ್ಲಿ ಗಾಳಿಗುಳ್ಳೆ. ಆಮೇಲೆ ಮರುಪರೀಕ್ಷೆ, ಪಾಸ್. ಆಗ ಇಟ್ಟದ್ದು ಬೇರೆ ಬ್ಯಾಚಿನ ಒಳ್ಳೆಯ ಮಾತ್ರೆಯೇ ಇರಬೇಕು.

"ಆಗ ಎಲ್ಲಿದ್ದೆಯಮ್ಮಾ?" ಇನ್ಸ್‌ಪೆಕ್ಟರ್ ವಿಶ್ಲೇಷಕಿಯನ್ನು ಕೇಳಿದರು.

"ತೂಕದ ರೂಮಲ್ಲಿ ಸರ್. ತಕ್ಕಡಿ ಚೀಟಿ ಇದೆ."

ಚೀಟಿಯಲ್ಲಿ 2.09ರಿಂದ 2.20ರವರೆಗೆ ಐದು ತೂಕ, ಪಕ್ಕದಲ್ಲಿ ಅವಳ ಸಹಿ, ಸಾಕ್ಷಿಯ ಸಹಿ. ಕೆಮ್ಮಿದರೂ ಟೈಮ್ ಬರೆದುಕೊಳ್ಳುವ ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ಗಡಿಯಾರವೆಂದೇ ಹೆಸರು. ಅವನು ಕಂಪ್ಯೂಟರು, ತಕ್ಕಡಿ ಎರಡೂ ತೋರಿಸುವ ಸಮಯ ಹೋಲಿಸಿ ನೋಡಿ, ಸರಿಯಿದೆ ಎಂದು ತಲೆಯಾಡಿಸಿದ.

"ಪಾಸ್‌ವರ್ಡ್ ಯಾರಿಗೆ ಗೊತ್ತಿತ್ತು?"

"ಎಲ್ರಿಗೂ. ಕೀಬೋರ್ಡ್ ಕೆಳಗೆ ಅಂಟಿಸಿದ್ದೆ." ಅವಳ ಕಣ್ಣು ತುಂಬಿತು. "ಅಷ್ಟು ತಪ್ಪು ನಂದೇ ಸರ್."

ಕಂಪ್ಯೂಟರಿನ ಈ ದಾಖಲೆಯನ್ನು ಸಾಲುಸಾಲಾಗಿ ಓದಿ ಸಹಿ ಹಾಕುವುದು ಹಿರಿಯ ಪರಿಶೀಲಕರ ಕೆಲಸ. ಶಿಸ್ತಿಗೆ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಗಡಿಯಾರ ಅವರ ವರ್ಷದ ಸಹಿಗಳನ್ನೆಲ್ಲ ಮುಂದೆ ಹರಡಿದ. ಓದಲು ಹಿಡಿದದ್ದು ನಲವತ್ತು ನಿಮಿಷ, ಐವತ್ತು, ನಲವತ್ತೈದು. ಒಂಬತ್ತನೇ ತಾರೀಕು ಮಾತ್ರ 4.02ಕ್ಕೆ ತೆರೆದು 4.04ಕ್ಕೆ ಸಹಿ.

"ಮುನ್ನೂರು ಸಾಲು ಎರಡೇ ನಿಮಿಷದಲ್ಲಿ ಓದಿದ್ರಾ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.

"ನಾನೇ ಮಾಡಿದ್ದನ್ನ ಮತ್ತೇನು ಓದೋದು?"

ಹೋದ ವರ್ಷ ಇದೇ ಮಾತ್ರೆಯ ಬ್ಯಾಚೊಂದನ್ನು ಅವರೇ ಫೇಲ್ ಮಾಡಿದ್ದರು. ಇಪ್ಪತ್ತು ದಿನ ಯಾವ ಅಂಗಡಿಯಲ್ಲೂ ಮಾತ್ರೆ ಇರಲಿಲ್ಲ. ಅವರ ಮಗಳಿಗೂ ಅದೇ ಕಾಯಿಲೆ.

"ದಿನಾ ಫಿಟ್ಸ್. ತೊಡೆ ಮೇಲೆ ಹಿಡ್ಕೊಂಡು ಕೂತಿರ್ತಿದ್ದೆ. ಏನೂ ಇಲ್ದೇ ಇರೋದಕ್ಕಿಂತ ಕಮ್ಮಿದಾದ್ರೂ ಸಿಗ್ಲಿ ಅಂದ್ಕೊಂಡೆ."

ಇನ್ಸ್‌ಪೆಕ್ಟರಿಗೆ ಪಾಪ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತಮ್ಮ ಮೇಲೇ ಸಿಟ್ಟೂ ಬಂತು.

ಸಂಜೆ 5.10ಕ್ಕೆ ಮೇಷ್ಟ್ರನ್ನೂ ಪಂಚರನ್ನೂ ಕರೆದುಕೊಂಡು ಮೇಷ್ಟ್ರ ಮನೆಗೆ ಹೋದರು. ಬಾಗಿಲು ತೆರೆದವಳು ಮಗಳೇ. ಅವಳ ಬೀರುವಿನಲ್ಲಿ ನಲವತ್ತು ಸ್ಟ್ರಿಪ್ ಮಾತ್ರೆ ಜೋಡಿಸಿಟ್ಟಿತ್ತು. ಎಲ್ಲವೂ ಹಳೆಯ, ಸರಿಯಾದ ಬ್ಯಾಚಿನವು. ಮದ್ದು ಕಮ್ಮಿಯಿದ್ದದ್ದು ಒಂದೂ ಇರಲಿಲ್ಲ.

"ಇವಳಿಗೆ ಯಾಕೆ ಅದನ್ನ ಕೊಡ್ಲಿಲ್ಲ?" ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದರು.

ಮೇಷ್ಟ್ರು ಮಗಳ ಕಡೆ ನೋಡಿದರು.

5.40ಕ್ಕೆ ಬಂಧನವಾಯಿತು. ಪಂಚನಾಮೆಗೆಂದು ಗಡಿಯಾರ ಎಲ್ಲವನ್ನೂ ಚೀಲಕ್ಕೆ ತುಂಬಹೊರಟಾಗ ಇನ್ಸ್‌ಪೆಕ್ಟರ್ ತಡೆದರು.

"ಸಾಕ್ಷಿಗೆ ಎರಡು ಸಾಕು. ಉಳಿದದ್ದು ಎಣಿಸಿ, ಬರ್ಕೊಂಡು ಅಲ್ಲೇ ಇಡು. ಅಂಗಡೀಲಿ ಈಗ ಮತ್ತೆ ಸಿಗ್ತಿಲ್ಲ."