ನೆರಳಿದ್ದ ಭೂತ

ಅಪ್ಪನಿಗೆ ಮಾತು ಕೊಟ್ಟಾಗ ಹುಲಿಗೆಮ್ಮನಿಗೆ ಒಂಬತ್ತು ವರ್ಷ. ಹೊಲದ ನಡುವೆ ಬೀಳು ಬಿಟ್ಟಿದ್ದ ಪಟ್ಟಿಗೆ ಅವಳನ್ನು ಕರೆದೊಯ್ದ ಅಪ್ಪ, ಹುಲ್ಲು ಸರಿಸಿ, ನೆಲದಲ್ಲಿದ್ದ ಬೊಗಸೆಯಷ್ಟು ಅಗಲದ ಒಂದು ಗುಳಿಯನ್ನು ತೋರಿಸಿದ. ಗುಳಿ ಬರಿದಾಗಿತ್ತು.

"ಇಲ್ಲಿ ಎರೆಭೂತ ಮೊಟ್ಟಿ ಇಡ್ತಿತ್ತು. ವರ್ಷಕ್ಕ ಒಂದ. ನಾನು ಚಾದಂಗಡ್ಯಾಗ ಕುಂತು ಬಾಯಿ ಬಿಟ್ಟೆ. ಮರುದಿನ ಬ್ಯಾಟಿಯವರ ಜೀಪು ಬಂತು. ಅದರ ಮರುದಿನ ಬರೇ ಪುಕ್ಕ ಬಿದ್ದಿದ್ವು. ಇನ್ನೊಮ್ಮಿ ಆ ಹಕ್ಕಿ ಬಂದರ ಯಾರಿಗೂ ಹೇಳಬ್ಯಾಡ, ಮಗಳ. ಹೇಳೂದಿಲ್ಲ ಅನ್ನು."

"ಹೇಳೂದಿಲ್ಲ," ಅಂದಿದ್ದಳು.

ಎರೆಭೂತವೆಂದರೆ ದೆವ್ವವಲ್ಲ. ಸೊಂಟದೆತ್ತರದ ಭಾರವಾದ ಹಕ್ಕಿ. ಎರೆಮಣ್ಣಿನ ಬಯಲಲ್ಲಿ ಮುಸ್ಸಂಜೆ ಸದ್ದಿಲ್ಲದೆ ನಿಂತಿರುತ್ತದೆ. ಯಾರೋ ನಿಂತಿದ್ದಾರೆಂದು ಹತ್ತಿರ ಹೋದರೆ ಇರುವುದಿಲ್ಲ. ಅದಕ್ಕೇ ಹಿರಿಯರು ಆ ಹೆಸರಿಟ್ಟರು. ಹುಲಿಗೆಮ್ಮ ದೊಡ್ಡವಳಾಗುವ ಹೊತ್ತಿಗೆ ಹೆಸರು ಮಾತ್ರ ಉಳಿದು ಹಕ್ಕಿ ಇಲ್ಲವಾಯಿತು.

ಈಗ ಅವಳಿಗೆ ಐವತ್ತು. ಈ ನಲವತ್ತು ವರ್ಷಗಳಲ್ಲಿ ಮಳೆ ಆ ಸೀಮೆಯ ದಾರಿಯನ್ನೇ ಮರೆತಿತ್ತು. ಎರೆ ಬಿರಿದು ಪುಡಿಯಾಗಿ, ಮೇಲೆ ಎಲ್ಲಿಂದಲೋ ಬಂದ ಮರಳು ಕೂತು, ನಕಾಶೆಯಲ್ಲೂ ಅದನ್ನು ಮರುಭೂಮಿಯೆಂದೇ ಬರೆದಿದ್ದರು. ಹುಲಿಗೆಮ್ಮ ಹೊಲ ಬಿಡಲಿಲ್ಲ. ಗಾಳಿಯ ತೇವವನ್ನು ಹಿಡಿದು ತೊಟ್ಟಿಗಿಳಿಸುವ ಇಬ್ಬನಿ ಬಲೆಗಳ ಕೆಳಗೆ ಸಜ್ಜೆ, ಹುರುಳಿ, ಅಲಸಂದೆ ಬೆಳೆಯುತ್ತಿದ್ದಳು. ಬೀಳು ಪಟ್ಟಿಗೆ ಮಾತ್ರ ಒಂದು ದಿನವೂ ಕುಂಟೆ ಹಾಯಿಸಿರಲಿಲ್ಲ.

ಆ ಹೊಲದ ಸುತ್ತ ಹನ್ನೆರಡು ಕಂಬಗಳು. ಅವೇ ಭೂತದರ್ಶಕ, ಹಕ್ಕಿಗಳ ಅಧ್ಯಯನ ಮಾಡುವ ಡಾಕ್ಟರ್ ಮಂದಾಕಿನಿ ಕಂಡುಹಿಡಿದ ಯಂತ್ರ. ಒಂದು ಜಾಗದಲ್ಲಿ ಹಿಂದೆ ತೆಗೆದ ಹಕ್ಕಿಗಳ ಚಿತ್ರಗಳನ್ನೂ ದನಿಗಳನ್ನೂ ಅದು ಒಟ್ಟುಗೂಡಿಸಿಕೊಂಡಿರುತ್ತದೆ. ಕಂಬಗಳಿಂದ ಹೊರಟ ಬೆಳಕಿನ ಎಳೆಗಳು ಗಾಳಿಯಲ್ಲಿ ತೇಲುವ ದೂಳಿನ ಕಣಗಳ ಮೇಲೆ ಸಂಧಿಸಿದಾಗ ಹಕ್ಕಿಯ ಆಕಾರ ಮೂಡುತ್ತದೆ. ಪರದೆ ಬೇಡ, ದೂಳೇ ಪರದೆ. ಬಯಲು ಹಸಿರಾಗಿದ್ದಾಗ ಈ ಯಂತ್ರ ನಡೆಯುತ್ತಲೇ ಇರಲಿಲ್ಲ. ಹಕ್ಕಿಗಳನ್ನು ಓಡಿಸಿದ ದೂಳೇ ಈಗ ಅವುಗಳನ್ನು ತೋರಿಸುತ್ತಿತ್ತು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಹೊಲದ ತುಂಬ ಬೆಳಕಿನ ಹಕ್ಕಿಗಳು ಓಡಾಡುತ್ತಿದ್ದವು. ದೂರದೂರದಿಂದ ಜನ ಬಂದು ಹೊಲದಂಚಿನ ಕಾವಲು ಅಟ್ಟದ ಮೇಲೆ ಕೂತು ನೋಡುತ್ತಿದ್ದರು.

ಅವರಿಗೆ ರೊಟ್ಟಿ ಬಡಿದು ಕೊಡುತ್ತಿದ್ದವಳು ಹುಲಿಗೆಮ್ಮನ ಸೋದರತ್ತೆ ಈರಮ್ಮ. ಅವಳಿಗೆ ಇದೆಲ್ಲ ನಗೆಪಾಟಲು. "ನಮ್ಮ ಕಾಲದಾಗ ಹಕ್ಕಿ ಕಾಯೂದಂದ್ರ ಕವಣಿ ಬೀಸಿ ಓಡಿಸೂದು. ಈಗಿನವ್ರು ಅದ ಅಟ್ಟ ಹತ್ತಿ ಕರದು ನೋಡ್ತಾರ. ಅದೂ ಇಲ್ಲದ ಹಕ್ಕಿನ! ನಾಳೆ ಇಲ್ಲದ ರೊಟ್ಟಿ ಮಾಡಿಕೊಡತೀನಿ, ತಿಂತಾರೇನು ಕೇಳು."

ಯಂತ್ರ ತನ್ನ ಕಣ್ಣಿಗೆ ಬಿದ್ದ ಪ್ರತಿ ಹಕ್ಕಿಯನ್ನೂ ಬರೆದಿಡುತ್ತಿತ್ತು. ಉಸಿರಾಡುವ ಕಾಗೆ, ಗುಬ್ಬಿಗಳು 'ವರ್ತಮಾನ'ದ ಅಂಕಣಕ್ಕೆ, ಬೆಳಕಿನವು 'ಭೂತ'ಕ್ಕೆ. ಎರೆಭೂತ ಕಂಡರೆ ಯೋಚಿಸದೆ ಭೂತಕ್ಕೇ ಹಾಕೆಂದು ಮಂದಾಕಿನಿ ಮೊದಲೇ ಕಲಿಸಿದ್ದಳು.

"ಯಾಕ್ರಿ ಮೇಡಂ, ಒಂದೂ ಉಳದಿಲ್ಲೇನು?" ಎಂದು ಒಮ್ಮೆ ಹುಲಿಗೆಮ್ಮ ಕೇಳಿದ್ದಳು.

"ಉತ್ತರದ ಮರುಭೂಮಿಯಲ್ಲೊಂದು ಸಂರಕ್ಷಣಾ ಕೇಂದ್ರ ಇದೆ, ಹುಲಿಗೆಮ್ಮಕ್ಕ. ಅಲ್ಲಿ ಎರಡು ಉಳಿದಿವೆ. ಎರಡೂ ಗಂಡು, ಎರಡಕ್ಕೂ ವಯಸ್ಸಾಯಿತು. ಕೊನೆಯ ಹೆಣ್ಣು ಸತ್ತು ಆರು ವರ್ಷ. ನಮ್ಮ ಯಂತ್ರದಲ್ಲೂ ಮೂರು ಗಂಡುಗಳ ಚಿತ್ರವೇ ಇರುವುದು. ಹೆಣ್ಣು ಹುಲ್ಲಿನಲ್ಲಿ ಅಡಗಿ ಕೂರುತ್ತದಲ್ಲ, ಯಾರ ಕ್ಯಾಮೆರಾಕ್ಕೂ ಸಿಗಲಿಲ್ಲ."

ಹುಲಿಗೆಮ್ಮ ತಲೆಯಾಡಿಸಿ, ಬಲೆಯ ಹರಕು ಹೊಲಿಯುವುದನ್ನು ಮುಂದುವರಿಸಿದ್ದಳು.

ಚೈತ್ರದ ಒಂದು ಬೆಳಿಗ್ಗೆ ಅಲಸಂದೆ ಬಿಡಿಸುತ್ತಿದ್ದವಳ ಕೈ ತಡೆಯಿತು. ಬೀಳು ಪಟ್ಟಿಯ ಅಂಚಿನಲ್ಲಿ ಎಂದಿನಂತೆ ಬೆಳಕಿನ ಗಂಡು ಹಕ್ಕಿ ಕತ್ತಿನ ಚೀಲ ಉಬ್ಬಿಸಿ, ಬಾಲ ಎತ್ತಿ, ಗುಡಾಣದೊಳಗೆ ಊದಿದಂತೆ ಹೂಂಗುಟ್ಟುತ್ತಿತ್ತು. ಅದರ ಎದುರಿಗೆ ಇನ್ನೊಂದು ಹಕ್ಕಿ. ತುಸು ಚಿಕ್ಕದು. ಇದರ ಕಾಲಬುಡದಿಂದ ಉದ್ದನೆಯ ಕಪ್ಪು ನೆರಳು ಮರಳಿನ ಮೇಲೆ ಚಾಚಿತ್ತು.

ಬೆಳಕಿನ ಹಕ್ಕಿಗೆ ನೆರಳಿರುವುದಿಲ್ಲ.

ಹುಲಿಗೆಮ್ಮ ಅಲಸಂದೆ ಬಳ್ಳಿಯ ಮರೆಗೆ ಕೂತಳು. ಹೆಣ್ಣು ಹಕ್ಕಿ ಎರಡು ಹೆಜ್ಜೆ ಮುಂದೆ ಬಂದು ಗಂಡಿನ ಮುಂದೆ ಮೈ ಕುಗ್ಗಿಸಿತು. ಗಂಡು ನಡೆದು ಬಂದು, ಅದರ ಮೈಯೊಳಗೇ ಹಾದು, ಆಚೆ ಬದಿಗೆ ಹೊರಟುಹೋಯಿತು. ಹೆಣ್ಣು ಬಹಳ ಹೊತ್ತು ಹಾಗೆಯೇ ಕುಗ್ಗಿ ಕೂತಿತ್ತು. ಅಟ್ಟದ ಮೇಲಿದ್ದ ಮಂದಿ ಚಪ್ಪಾಳೆ ತಟ್ಟಿದರು. "ಎಷ್ಟು ನಿಜ ಅನ್ನಿಸುತ್ತೆ ಅಲ್ವಾ!"

ವಾರ ಕಳೆಯುವುದರೊಳಗೆ ಗುಳಿಯಲ್ಲಿ ಒಂದು ಮೊಟ್ಟೆ ಇತ್ತು. ಒಣಹುಲ್ಲಿನ ಬಣ್ಣದ ಮೇಲೆ ಕಂದು ಮಚ್ಚೆ.

ಆಮೇಲೆ ಹುಲಿಗೆಮ್ಮನಿಗೆ ಅನ್ನ ರುಚಿಸಲಿಲ್ಲ. ಹೇಳಿದರೆ ಜನ ಮುಗಿಬೀಳುತ್ತಾರೆ. ಅಪ್ಪ ಕಂಡ ಪುಕ್ಕಗಳನ್ನು ತಾನೂ ಕಾಣಬೇಕಾಗುತ್ತದೆ. ಹೇಳದಿದ್ದರೆ ಉತ್ತರದ ಆ ಎರಡು ಗಂಡುಗಳು ಮುದಿಯಾಗಿ ಸಾಯುತ್ತವೆ. ಇದು ಇಲ್ಲಿ ಬೆಳಕಿಗೆ ಬಸುರಾಗಲು ಕಾಯುತ್ತ ಕೂರುತ್ತದೆ. ತೊಟ್ಟಿಯ ಬಳಿ, ಒಲೆಯ ಮುಂದೆ, ಎಲ್ಲಿ ನಿಂತರೂ ಬೆನ್ನ ಹಿಂದೆ ಅಪ್ಪ ಕೆಮ್ಮಿದಂತಾಗುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಕಡೆಗೊಂದು ಉಪಾಯ ಹೊಳೆಯಿತು: ಮಾತು ಮುರಿಯಬಾರದು, ಹೇಳಿದಂತೆಯೂ ಆಗಬೇಕು. ಮಂದಾಕಿನಿಗೆ ಫೋನು ಮಾಡಿದಳು.

"ಮೇಡಂ, ಹೊಲದಾಗ ಭೂತ ಬಂದೈತ್ರಿ."

ಅತ್ತ ಕಡೆ ನಗು ಕೇಳಿತು. "ಬರಲಿ ಬಿಡಿ ಅಕ್ಕ, ಬಿಟ್ಟವಳು ನಾನೇ ಅಲ್ಲವೆ? ಬೀಳು ಪಟ್ಟಿಯ ಹತ್ತಿರ ತಾನೆ? ಯಂತ್ರದ ದಾಖಲೆಯಲ್ಲೂ ಹಾಗೇ ಬಂದಿದೆ ನೋಡಿ, ಭೂತ ಅಂತ. ಚೆನ್ನಾಗಿ ಕಾಣಿಸ್ತಿದೆಯಾ?"

"ಚೆಂದ ಕಾಣತೈತ್ರಿ," ಎಂದು ಹುಲಿಗೆಮ್ಮ ಫೋನು ಇಟ್ಟಳು. ಹೇಳಿಯಾಯಿತು, ಇನ್ನು ತನ್ನ ಮೇಲೇನೂ ಇಲ್ಲ ಎಂದುಕೊಂಡಳು. ಆ ಸಮಾಧಾನ ಒಂದು ದಿನವೂ ಬಾಳಲಿಲ್ಲ.

ಹಕ್ಕಿ ಕಾವು ಕೂತಿತು. ಬಿಸಿಲು ನೆತ್ತಿ ಸುಡುವಾಗ ರೆಕ್ಕೆ ಅರಳಿಸಿ ಮೊಟ್ಟೆಗೆ ನೆರಳು ಹಿಡಿಯುತ್ತಿತ್ತು. ಬೆಳಿಗ್ಗೆ, ಸಂಜೆ ಗಂಡಿನ ದನಿ ಕೇಳಿದೊಡನೆ ಎದ್ದು ಹೋಗಿ ಎದುರು ನಿಲ್ಲುತ್ತಿತ್ತು; ಗಂಡು ಮೈಯೊಳಗೆ ಹಾದುಹೋದ ಮೇಲೆ ಬಂದು ಮತ್ತೆ ಕೂರುತ್ತಿತ್ತು. ಇಪ್ಪತ್ತೆಂಟು ದಿನ, ಮೂವತ್ತೈದು, ನಲವತ್ತು; ಮೊಟ್ಟೆ ಒಡೆಯಲಿಲ್ಲ. ನಲವತ್ತೆರಡನೆಯ ದಿನ ಅದು ಗುಳಿಯ ಕಡೆ ತಿರುಗಿಯೂ ನೋಡಲಿಲ್ಲ. ಬೆಳಕು ನೋಡಲು ಮಾತ್ರ ಬಂತು. ಹುಲಿಗೆಮ್ಮ ಹೋಗಿ ಮೊಟ್ಟೆ ಮುಟ್ಟಿದಳು. ಅಷ್ಟು ಬಿಸಿಲಿನಲ್ಲೂ ಅದು ತಣ್ಣಗಿದ್ದಂತೆ ಅವಳಿಗೆ ತೋರಿತು.

ಅದೇ ಸಂಜೆ ಮಂದಾಕಿನಿ ಕಂಬಗಳ ತಪಾಸಣೆಗೆ ಬಂದಳು. ಹುಲಿಗೆಮ್ಮ ಸೆರಗಿನ ಗಂಟು ಬಿಚ್ಚಿ ಮೊಟ್ಟೆಯನ್ನು ಅವಳ ಅಂಗೈಯಲ್ಲಿಟ್ಟಳು.

"ಬೆಳಕು ಮೊಟ್ಟಿ ಇಡತೈತೇನ್ರಿ ಮೇಡಂ?"

ಮಂದಾಕಿನಿ ಮೊಟ್ಟೆ ನೋಡಿದಳು, ಅವಳ ಮುಖ ನೋಡಿದಳು. "ಹೆಣ್ಣು? ಇಲ್ಲಿ? ಅಕ್ಕ, ನೀವು ಮೊದಲೇ ಹೇಳಬಾರದಿತ್ತಾ?"

"ಹೇಳಿದ್ನಲ್ರಿ. ಭೂತ ಬಂದೈತಿ ಅಂದಿದ್ದೆ."

ಇಬ್ಬರೂ ಅಟ್ಟ ಹತ್ತಿದರು. ಅಂದು ನೋಡುಗರು ಯಾರೂ ಇರಲಿಲ್ಲ. ಇಳಿಬಿಸಿಲಿನ ದೂಳಿನಲ್ಲಿ ಮೂರು ಗಂಡುಗಳು, ನೂರಾರು ಲಾವುಗೆ, ಚಿಟ್ಟುಗೌಜುಗ, ಎಲ್ಲ ಬೆಳಕೇ. ಅವುಗಳ ನಡುವೆ ಎಲ್ಲೋ ಒಂದು ಜೀವ. ಮಂದಾಕಿನಿ ದುರ್ಬೀನನ್ನು ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಹೊರಳಿಸಿದಳು. "ಗೊತ್ತಾಗ್ತಿಲ್ಲ ಅಕ್ಕ, ನನಗೆ ಗೊತ್ತಾಗ್ತಿಲ್ಲ. ಉಳಿದದ್ದೆಲ್ಲ ಆರಿಸಿಬಿಡ್ತೀನಿ. ಆಗ ಅದೊಂದೇ ಉಳಿಯುತ್ತೆ. ನಾಳೆಯೇ ಅದನ್ನು ಉತ್ತರಕ್ಕೆ ಒಯ್ಯುವ ಏರ್ಪಾಡು ಮಾಡಿಸ್ತೀನಿ."

"ಮೇಡಂ, ತಡೀರಿ..."

ಮಂದಾಕಿನಿ ಯಂತ್ರದ ಗುಂಡಿ ಒತ್ತಿಯಾಗಿತ್ತು. ಹನ್ನೆರಡು ಕಂಬಗಳೂ ಒಮ್ಮೆಲೇ ಕಣ್ಣು ಮುಚ್ಚಿದವು. ಹೂಂಕಾರ ನಡುವೆಯೇ ಕಡಿಯಿತು. ಬಯಲು ಇದ್ದಕ್ಕಿದ್ದಂತೆ ಬೋಳಾಯಿತು.

ಬೀಳು ಪಟ್ಟಿಯ ಅಂಚಿನಲ್ಲಿ ಅದು ನಿಂತಿತ್ತು, ಒಂದೇ, ಪಕ್ಕಕ್ಕೆ ಉದ್ದನೆಯ ನೆರಳು. ಅದು ಕತ್ತೆತ್ತಿ ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಗಂಡು ನಿಂತಿದ್ದ ಜಾಗಕ್ಕೆ ನಾಲ್ಕು ಹೆಜ್ಜೆ ನಡೆಯಿತು. ನೆಲಕ್ಕೆ ಬಾಗಿ ನೋಡಿತು. ಆಮೇಲೆ ಭಾರವಾದ ರೆಕ್ಕೆ ಬಿಚ್ಚಿ, ಒಮ್ಮೆಯೂ ಸುತ್ತು ಹಾಕದೆ, ಸೂರ್ಯ ಮುಳುಗುವ ದಿಕ್ಕಿಗೆ ಹಾರಿತು. ಮಂದಾಕಿನಿ ಮತ್ತೆ ಗುಂಡಿ ಒತ್ತಿದಳು. ಮೂರು ಗಂಡುಗಳೂ ಎದ್ದು ನಿಂತು ಬಿಟ್ಟಲ್ಲಿಂದ ಹೂಂಗುಟ್ಟತೊಡಗಿದವು. ಆಕಾಶದಲ್ಲಿ ಚುಕ್ಕೆಯಾಗಿದ್ದ ಹಕ್ಕಿ ತಿರುಗಲಿಲ್ಲ.

ಆಮೇಲೆ ಯಂತ್ರವನ್ನು ಒಂದು ಕ್ಷಣವೂ ಆರಿಸಲಿಲ್ಲ. ಮಂದಾಕಿನಿ ಅದಕ್ಕೆ ಹೊಸದಾಗಿ ಕಲಿಸಿದಳು: ನೆರಳು ಬಿದ್ದರೆ ವರ್ತಮಾನ. ಎರಡು ವರ್ಷವಾದರೂ ಎರೆಭೂತದ ಹೆಸರಿನೆದುರು ಆ ಅಂಕಣ ಖಾಲಿಯೇ ಇದೆ.

ಹುಲಿಗೆಮ್ಮ ಈಗಲೂ ಆ ಪಟ್ಟಿಗೆ ಕುಂಟೆ ಹಾಯಿಸುವುದಿಲ್ಲ. ಯಾರಾದರೂ ಕೇಳಿದರೆ ಇಷ್ಟೇ ಹೇಳುತ್ತಾಳೆ: ಅಪ್ಪನಿಗೆ ಕೊಟ್ಟ ಮಾತು ಮುರಿದೆ. ಹಕ್ಕಿ ಹೋಯಿತು.