ಆರು ವಾರ ಸಾಕು ಎಂದ ಗಂಡ

"ಈ ಅಕ್ಕಿ ಯಾಕೆ ತಂದಿದ್ದೀರಿ?"

ವ್ಯಾಂಕೂವರ್ ವಿಮಾನ ನಿಲ್ದಾಣದ ತಪಾಸಣೆ ಮೇಜಿನ ಮೇಲೆ ಜೋವೆಲಿನ್‌ಳ ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿತ್ತು. ಒಣಮೀನಿನ ಪೊಟ್ಟಣ, ಮಾವಿನಹಣ್ಣಿನ ಒಣಗಿಸಿದ ಹೋಳುಗಳು, ಪಕ್ಕದ ಮನೆಯವರು ಇಲ್ಲಿರುವ ತಮ್ಮ ಮಗಳಿಗೆಂದು ಕೊಟ್ಟುಕಳಿಸಿದ ನೈಟಿ... ಒಂದೊಂದಾಗಿ ಎಲ್ಲವೂ ಹೊರಗೆ ಬಂದಿದ್ದವು. ಕೊನೆಗೆ ಅಧಿಕಾರಿಣಿಯ ಕೈಗೆ ಸಿಕ್ಕಿದ್ದು ಬಟ್ಟೆಯ ಎರಡು ಪುಟ್ಟ ಗಂಟು. ಒಂದರಲ್ಲಿ ಅಕ್ಕಿ, ಇನ್ನೊಂದರಲ್ಲಿ ಉಪ್ಪು.

ಜೋವೆಲಿನ್‌ಳ ಕಣ್ಣು ಮಾತ್ರ ಹೊರಗಿನ ಬಾಗಿಲ ಮೇಲೇ ಇತ್ತು. ಅದರಾಚೆ ರೊಡೆಲ್ ನಿಂತಿದ್ದಾನೆ! ಮದುವೆಯಾದ ಎರಡನೇ ವಾರಕ್ಕೇ ಕೆಲಸಕ್ಕೆ ರಜೆ ಮುಗಿಯಿತೆಂದು ಕೆನಡಾಕ್ಕೆ ವಾಪಸಾದ ಗಂಡ. ಎರಡು ವರ್ಷದಿಂದ ಫೋನಿನ ಪರದೆಯಲ್ಲಷ್ಟೇ ಕಂಡ ಮುಖ...

ಇನ್ನು ಐದೇ ನಿಮಿಷ, ಎಂದುಕೊಂಡಳು. ಐದು ನಿಮಿಷ ಆದ ಮೇಲೆ ಅವನನ್ನು ಮುಟ್ಟಬಹುದು!

ಆ ಸಂತೋಷದಲ್ಲೇ ಉತ್ತರ ಕೊಟ್ಟಳು. "ನಮ್ಮತ್ತೆ ಕಟ್ಟಿಕೊಟ್ಟಿದ್ದು ಮೇಡಂ. ನಮ್ಮ ಕಡೆ ಹೊಸ ಮನೆ ಹೂಡೋವಾಗ ಮೊದಲು ಅಕ್ಕಿ, ಉಪ್ಪು ಒಳಗೆ ತಗೊಂಡು ಹೋಗ್ಬೇಕು. ಆಗ ಮನೇಲಿ ಯಾವತ್ತೂ ಕೊರತೆ ಆಗಲ್ಲ."

ಅಧಿಕಾರಿಣಿಯ ಕೈ ಅಲ್ಲೇ ನಿಂತಿತು. "ಹೊಸ ಮನೆ ಹೂಡೋಕಾ? ಗಂಡನ್ನ ನೋಡ್ಕೊಂಡು ಹೋಗೋಕೆ ಬಂದಿದ್ದೀನಿ ಅಂದ್ರಲ್ಲ?"

ಅಯ್ಯೋ ಹುಡುಗಿ! ಅವಳ ಊರು ಲೆಮೆರಿಯಲ್ಲಿ ಯಾವ ಅಜ್ಜಿ ಕೇಳಿದ್ದರೂ ಈ ಉತ್ತರಕ್ಕೆ ಕೆನ್ನೆ ಹಿಡಿದು ಮುತ್ತು ಕೊಡುತ್ತಿದ್ದಳು. ಆದರೆ ಇದು ಲೆಮೆರಿಯಲ್ಲ. ಹೆಂಡತಿಯನ್ನು ಇಲ್ಲಿಗೆ ಕರೆಸಿಕೊಳ್ಳಲು ರೊಡೆಲ್ ಹಾಕಿದ ಅರ್ಜಿ ಇನ್ನೂ ಯಾವುದೋ ಕಚೇರಿಯಲ್ಲಿ ಸರದಿ ಕಾಯುತ್ತಿದೆ. ಅದು ಮಂಜೂರಾಗುವವರೆಗೆ ಅವಳು ಬರೀ ಅತಿಥಿ. ಬಂದ ಅತಿಥಿ ಮನೆ ಹೂಡುವ ಮಾತಾಡಿದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ?

"ಅಲ್ಲ ಮೇಡಂ... ಅದು ಬರೀ ಪದ್ಧತಿ... ನಾನು ವಾಪಸ್ ಹೋಗ್ತೀನಿ..."

"ಇಲ್ಲೇ ಕೂತಿರಿ. ನಿಮ್ಮ ಗಂಡನಿಗೆ ಫೋನ್ ಮಾಡಿ ಮಾತಾಡ್ತೀನಿ."

ಜೋವೆಲಿನ್ ಕುರ್ಚಿಯ ತುದಿಯಲ್ಲಿ ಕುಳಿತಳು. ಬಾಗಿಲವರೆಗೆ ಬಂದು ಹಿಂದಕ್ಕೆ ಹೋಗುವುದೇ? ಅವನ ಮುಖವನ್ನೂ ನೋಡದೆ?

ಅಧಿಕಾರಿಣಿ ಮರಳಿ ಬಂದಾಗ ದನಿ ಮೆತ್ತಗಿತ್ತು. "ಒಳಗೆ ಬಿಡ್ತಿದ್ದೀನಿ. ಸಾಮಾನ್ಯವಾಗಿ ಆರು ತಿಂಗಳು ಕೊಡ್ತೀವಿ. ನಿಮ್ಮ ಗಂಡಾನೇ ಬೇಡ ಅಂದ್ರು. ಆರು ವಾರ ಸಾಕು, ನಾನೇ ವಾಪಸ್ ಕಳಿಸ್ತೀನಿ ಅಂತ ಮಾತು ಕೊಟ್ಟಿದ್ದಾರೆ. ಏಪ್ರಿಲ್ ಕೊನೆಯೊಳಗೆ ಹೊರಡ್ಬೇಕು."

ನಿಮ್ಮ ಗಂಡಾನೇ ಬೇಡ ಅಂದ್ರು...

ಉಪ್ಪಿನ ಗಂಟು ವಾಪಸು ಬಂತು, ಅಕ್ಕಿಯದು ಬರಲಿಲ್ಲ. ಅವಳಿಗೆ ಅದು ಗಮನಕ್ಕೂ ಬರಲಿಲ್ಲ.

ಹೊರಗೆ ರೊಡೆಲ್ ಒಂದು ದಪ್ಪ ಜಾಕೆಟ್ ಹಿಡಿದು ನಿಂತಿದ್ದ. ಫೋನಿನಲ್ಲಿ ಕಂಡದ್ದಕ್ಕಿಂತ ತೆಳ್ಳಗಾಗಿದ್ದಾನೆ! ಓಡಿ ಹೋಗಿ ತಬ್ಬಿಕೊಳ್ಳಬೇಕೆಂದು ಎರಡು ವರ್ಷದಿಂದ ಅಂದುಕೊಂಡವಳು ನಾಲ್ಕು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಳು.

"ಜೋವಿ... ಚಳಿ ಇದೆ, ಹಾಕ್ಕೋ."

"ಆರು ವಾರ ಸಾಕು ಅಂದ್ಯಂತೆ?"

ಇಲ್ಲ ಅನ್ನು... ಸುಳ್ಳಾದರೂ ಸರಿ, ಇಲ್ಲ ಅನ್ನು!

ಅವನು ಕಣ್ಣು ತಗ್ಗಿಸಿದ. "ಕಾರು ದೂರ ನಿಲ್ಸಿದ್ದೀನಿ. ಬಾ."

ಅಲ್ಲಿಂದ ಶುರುವಾಯಿತು ಜೋವಿಯ ಮುನಿಸು.

ಅವಳ ಕಡೆಯವರ ಮುನಿಸೆಂದರೆ ಅದಕ್ಕೊಂದು ಕ್ರಮವಿದೆ. ಕೂಗಾಡುವಂತಿಲ್ಲ, ಪಾತ್ರೆ ಎಸೆಯುವಂತಿಲ್ಲ. ಏನಾಯಿತು ಎಂದರೆ "ಏನಿಲ್ಲ" ಎನ್ನಬೇಕು, ಅಷ್ಟೇ. ನೋಯಿಸಿದವನೇ ತಪ್ಪು ಹುಡುಕಿಕೊಂಡು ಹತ್ತಿರ ಬರಬೇಕು, ಕೆನ್ನೆ ಹಿಂಡಬೇಕು, ಬೇಡಿಕೊಳ್ಳಬೇಕು. ಬೇಡಿಕೊಳ್ಳದಿದ್ದರೆ ಅವನಿಗೆ ಪ್ರೀತಿಯಿಲ್ಲ ಎಂದೇ ಅರ್ಥ. ಲೆಮೆರಿಯಲ್ಲಿ ಹುಟ್ಟಿದ ರೊಡೆಲ್‌ಗೆ ಇದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಆದರೂ ಅವನು ಬರಲಿಲ್ಲ!

ಅವನಿದ್ದದ್ದು ತನ್ನ ತಂದೆಯ ತಂಗಿಯ ಮನೆಯ ಕೆಳಗಿನ ಒಂದು ಕೋಣೆಯಲ್ಲಿ. ಅರುವತ್ತು ದಾಟಿದ ಆ ಹೆಂಗಸನ್ನು ಊರೆಲ್ಲ ತೀತಾ ಬೇಬಿ, ಅಂದರೆ ಬೇಬಿ ಅತ್ತೆ, ಎಂದೇ ಕರೆಯುವುದು. ಬೆಳಿಗ್ಗೆ ಎದ್ದು ವೃದ್ಧಾಶ್ರಮದ ಅಡುಗೆಮನೆಗೆ ಹೋಗುವ ರೊಡೆಲ್ ಸಂಜೆ ಬರುವಾಗ ಜೋವಿಗೆ ಇಷ್ಟವಾದದ್ದನ್ನೆಲ್ಲ ತರುತ್ತಿದ್ದ. ಬಿಸಿ ಬ್ರೆಡ್ಡು, ಹಲಸಿನ ಹಣ್ಣಿನ ಐಸ್‌ಕ್ರೀಮು. ತಂದು ಮೇಜಿನ ಮೇಲಿಟ್ಟು, ಅವಳ ಮುಖ ನೋಡದೆ ಸ್ನಾನಕ್ಕೆ ಹೋಗುತ್ತಿದ್ದ. ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದ.

"ತಿನ್ನು ಮಗಳೇ," ತೀತಾ ಬೇಬಿ ಹುಣಸೆಹುಳಿಯ ಮೀನು ಸಾರನ್ನು ಅವಳ ತಟ್ಟೆಗೆ ಸುರಿಯುತ್ತಿದ್ದರು. "ಯಾಕೆ ಸಪ್ಪಗಿದ್ದೀಯ?"

"ಏನಿಲ್ಲ ತೀತಾ."

"ಓಹೋ! ಏನಿಲ್ವಾ? ಹಾಗಾದ್ರೆ ದೊಡ್ಡದೇ ಇದೆ."

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಾಲ್‌ನಲ್ಲಿ ಊಟ. ಅಲ್ಲಿ ನೆನಿಂಗ್ ಅಕ್ಕ ಸಿಕ್ಕಳು. ಲೆಮೆರಿ ಕಡೆಯವಳೇ, ಇಲ್ಲಿಗೆ ಬಂದು ಇಪ್ಪತ್ತು ವರ್ಷ. ನೂಡಲ್ಸ್ ತಟ್ಟೆ ಹಿಡಿದು ಜೋವಿಯ ಪಕ್ಕದಲ್ಲೇ ಕುಳಿತಳು.

"ಏಪ್ರಿಲ್‌ಗೇ ಹೊರಡ್ತೀಯಾ? ಹುಚ್ಚೀನಾ ನೀನು! ದಿನ ಮುಗಿದ್ರೆ ಏನು ಆಕಾಶ ಕಳಚಿ ಬೀಳುತ್ತಾ? ಯಾರು ಬಂದು ನೋಡ್ತಾರೆ? ಸುಮ್ನೆ ಇದ್ಬಿಡು. ನಮ್ಮನೆ ಮಹಡಿ ಮೇಲೆ ರೂಮ್ ಖಾಲಿ ಇದೆ."

"ರೊಡೆಲ್ ಒಪ್ಪಲ್ಲ ಅಕ್ಕ."

"ಒಪ್ಪಲ್ವಾ?" ನೆನಿಂಗ್ ಅಕ್ಕನ ಫೋರ್ಕು ಗಾಳಿಯಲ್ಲೇ ನಿಂತಿತು. "ಕಟ್ಕೊಂಡ ಹೆಂಡ್ತಿನ ಇರು ಅನ್ನದ ಗಂಡ ಇದಾನಾ? ನೋಡ್ಕೊಳ್ಳೆ ತಾಯಿ... ಎರಡು ವರ್ಷ ಅಂದ್ರೆ ಕಡಿಮೆ ಅಲ್ಲ. ಗಂಡಸಿನ ಮನಸ್ಸು..."

ಅಷ್ಟು ಹೇಳಿ ಅವಳು ಮತ್ತೆ ನೂಡಲ್ಸ್ ತರಲು ಎದ್ದುಹೋದಳು. ಜೋವಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಹಾಗಾದರೆ ಬೇರೆ ಯಾರಾದರೂ... ಛೇ! ರೊಡೆಲ್ ಅಂಥವನಲ್ಲ. ಅಂಥವನಲ್ಲವೆಂದರೆ ಮತ್ತೇಕೆ?

ಮರುದಿನ ಬೆಳಿಗ್ಗೆ ಅವನು ಬೂಟು ಹಾಕುತ್ತಿದ್ದಾಗ ಕೇಳಿಯೇಬಿಟ್ಟಳು.

"ಇನ್ನಷ್ಟು ದಿನ ಇರ್ತೀನಿ ಅಂತ ಅರ್ಜಿ ಕೊಡಬಹುದಂತೆ?"

"ಬೇಡ."

"ಯಾಕೆ?"

"ಮಾತು ಕೊಟ್ಟಿದ್ದೀನಿ ಜೋವಿ."

"ಯಾವ ಮಾತು? ಚರ್ಚಿನಲ್ಲಿ ನಿಂತು ನನಗೆ ಕೊಟ್ಟ ಮಾತಾ? ಫೋನಲ್ಲಿ ಆ ಮೇಡಂಗೆ ಕೊಟ್ಟ ಮಾತಾ?"

ಅವನ ತುಟಿ ಅಲುಗಿತು. ಏನೋ ಬಂತು, ಬಂದಿದ್ದನ್ನು ನುಂಗಿಕೊಂಡ. ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದ.

ಆವತ್ತಿನಿಂದ ಮನೆಯಲ್ಲಿ ಇಬ್ಬರೂ ಮೂಕರಾದರು. ಏಪ್ರಿಲ್ ಕರಗುತ್ತಾ ಬಂತು. ಬೀದಿಯ ಚೆರ್ರಿ ಮರಗಳೆಲ್ಲ ಹೂವಾದವು, ಆ ಹೂವು ನೋಡಲು ಇಬ್ಬರೂ ಒಟ್ಟಿಗೆ ಹೋಗಲಿಲ್ಲ.

ಕೊನೆಗೆ ತಾಳ್ಮೆ ಕೆಟ್ಟಿದ್ದು ತೀತಾ ಬೇಬಿಗೆ. ರೊಡೆಲ್‌ಗೆ ರಜೆಯಿದ್ದ ಒಂದು ಮಧ್ಯಾಹ್ನ, ಒಗೆದ ಬಟ್ಟೆಯ ದೊಡ್ಡ ಬುಟ್ಟಿಯನ್ನು ತಂದು ಇಬ್ಬರ ನಡುವೆ ಕುಕ್ಕಿದರು.

"ಮುನಿಸ್ಕೊಳ್ಳೋಕೆ ಇಷ್ಟು ದೂರ ವಿಮಾನ ಹತ್ತಿ ಬರ್ಬೇಕಿತ್ತಾ? ಫೋನಲ್ಲೇ ಮಾಡಬಹುದಿತ್ತಲ್ಲ, ಖರ್ಚಾದ್ರೂ ಉಳೀತಿತ್ತು! ಈ ಬೆಡ್‌ಶೀಟ್‌ಗಳನ್ನ ಮಡಚಿಡಿ. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ. ನಾನು ಅಂಗಡಿಗೆ ಹೋಗ್ತೀನಿ, ಬೇಗ ಬರಲ್ಲ."

ಬಾಗಿಲು ಧಡಾರನೆ ಮುಚ್ಚಿತು.

ಜೋವಿ ಒಂದು ತುದಿ ಹಿಡಿದಳು, ರೊಡೆಲ್ ಇನ್ನೊಂದು ತುದಿ. ಕೋಣೆಯ ಆ ಗೋಡೆಗೊಬ್ಬರು, ಈ ಗೋಡೆಗೊಬ್ಬರು. ನಡುವೆ ಬಿಳಿ ಬೆಡ್‌ಶೀಟ್.

ಅವಳು ತೀರ್ಮಾನ ಮಾಡಿಯಾಗಿತ್ತು. "ನಾನು ವಿಮಾನ ಹತ್ತಲ್ಲ."

"ಏನು?"

"ನಿನಗೆ ನಾನು ಬೇಡ ಅಂದ್ರೆ ಬೇಡ. ನೆನಿಂಗ್ ಅಕ್ಕನ ಮನೇಲಿ ಇರ್ತೀನಿ. ಬಾಗಿಲು ಹಾಕ್ಕೊಂಡು ಸುಮ್ನೆ ಇದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಳು. ಎಷ್ಟು ವರ್ಷ ಬೇಕಾದ್ರೂ ಬಚ್ಚಿಟ್ಕೊಂಡು ಇರ್ತೀನಿ!"

ರೊಡೆಲ್‌ನ ಮುಖ ಬಿಳುಚಿಕೊಂಡಿತು. ಎದೆಗೆ ಗುದ್ದಿದ ಹಾಗೆ ಬಾಗಿದ.

"ಅದೊಂದು ಮಾಡಬೇಡ... ಜೋವಿ, ನಿನ್ನ ಕಾಲಿಗೆ ಬೀಳ್ತೀನಿ, ಅದೊಂದು ಮಾಡಬೇಡ."

ಅವನ ದನಿ ಒಡೆದದ್ದನ್ನು ಅವಳು ಕೇಳಿದ್ದು ಅದೇ ಮೊದಲು.

"ಅಪ್ಪ ನಾಗೋಯಾದಲ್ಲಿ ದೊಡ್ಡ ಕೆಲಸದಲ್ಲಿದ್ರು ಅಂತ ಅಮ್ಮ ನಿಮ್ಮ ಮನೆಯವರಿಗೆ ಹೇಳಿದ್ರಲ್ಲ? ಸುಳ್ಳು. ವೀಸಾ ಮುಗಿದ ಮೇಲೂ ಅಲ್ಲೇ ಉಳ್ಕೊಂಡಿದ್ರು. ಕದ್ದು ಕದ್ದು ಕೂಲಿ. ಒಂದ್ಸಲ ಹೊರಗೆ ಬಂದ್ರೆ ಮತ್ತೆ ಒಳಗೆ ಬಿಡಲ್ಲ ಅಂತ ವರ್ಷಗಟ್ಟಲೆ ಊರಿಗೇ ಬರಲಿಲ್ಲ. ಅಜ್ಜಿ ಸತ್ತಾಗ ಶವಪೆಟ್ಟಿಗೆ ಪಕ್ಕ ಫೋನ್ ಹಿಡ್ಕೊಂಡು ನಿಂತಿದ್ದು ನಾನು. ಅಪ್ಪ ಆ ಕಡೆಯಿಂದ 'ಅಮ್ಮಾ, ಅಮ್ಮಾ' ಅಂತ ಅಳ್ತಿದ್ರು. ಕೈ ಸೋತುಹೋಗಿತ್ತು. ಆದ್ರೂ ಇಳಿಸ್ಲಿಲ್ಲ, ಅಪ್ಪನಿಗೆ ಅಷ್ಟಾದ್ರೂ ಸಿಗಲಿ ಅಂತ."

ಜೋವಿಗೆ ಮಾವ ಕಣ್ಣಮುಂದೆ ಬಂದರು. ಮದುವೆ ಮನೆಯಲ್ಲಿ ಯಾರಾದರೂ ಬಾಗಿಲು ಬಡಿದಾಗಲೆಲ್ಲ ಎದ್ದು ಹಿಂದಿನ ಕೋಣೆಗೆ ಹೋಗಿ ನಿಲ್ಲುತ್ತಿದ್ದರು. ಸೊಸೆ ಹಿಡಿಸಿಲ್ಲವೇನೋ ಎಂದು ಅವಳು ನೊಂದುಕೊಂಡಿದ್ದಳು. ಇಷ್ಟು ದಿನ ಎಂಥ ತಪ್ಪು ತಿಳಿದುಬಿಟ್ಟಿದ್ದೆ ದೇವರೇ!

"ಆ ಮೇಡಂ ಫೋನ್ ಮಾಡಿ, ನಿಮ್ಮ ಹೆಂಡತಿ ಇಲ್ಲೇ ಉಳಿಯೋಕೆ ಬಂದಂಗಿದೆ ಅಂದ್ರು. ನನ್ನ ತಲೆ ಕೆಲಸ ಮಾಡಲಿಲ್ಲ ಜೋವಿ. ನಿನ್ನನ್ನ ಅಲ್ಲಿಂದಾನೇ ವಾಪಸ್ ಕಳಿಸ್ಬಿಡ್ತಾರೆ ಅನ್ನಿಸ್ತು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಒಂದು ವಾರ ಸಾಕಾ ಅಂದಿದ್ರೂ ಹೂಂ ಅಂತಿದ್ದೆ. ಇನ್ನಷ್ಟು ದಿನ ಕೊಡಿ ಅಂತ ಕೇಳೋಕೂ ನನಗೆ ಭಯ. ನಮ್ಮ ಅರ್ಜಿಗೆ ಒಂದು ಸಣ್ಣ ಕಲೆ ಬಿದ್ರೂ..."

"ಇದನ್ನ ನನಗೆ ಹೇಳೋಕೇನಾಗಿತ್ತು?" ಅವಳ ಕಣ್ಣಲ್ಲಿ ನೀರು. "ಇಷ್ಟು ದಿನ ಮುನಿಸ್ಕೊಂಡು ಕೂತಿದ್ದೀನಿ. ಒಂದ್ಸಲನಾದ್ರೂ ಬಂದು ಮಾತಾಡಿಸಬಾರ್ದಾ?"

"ಹೇಗೆ ಬರ್ಲಿ? ಹತ್ರ ಬಂದು ನಿನ್ನ ಮುಖ ನೋಡಿದ್ರೆ ಬಾಯಿಂದ ಏನು ಬರುತ್ತೆ ಅಂತ ನನಗೆ ಗೊತ್ತು. ಅದನ್ನ ಅಂದ್ಬಿಟ್ರೆ ಆಮೇಲೆ ನಿನ್ನ ವಿಮಾನ ಹತ್ತಿಸೋ ಶಕ್ತಿ ನನಗಿಲ್ಲ. ಅದಕ್ಕೇ ಗೋಡೆ ನೋಡ್ಕೊಂಡು ಮಲಗ್ತಿದ್ದೆ. ನಿದ್ದೆ ಎಲ್ಲಿ ಬರುತ್ತೆ?"

ಬೆಡ್‌ಶೀಟ್ ನೆಲಕ್ಕೆ ಜಾರಿತು. ಅದನ್ನು ತುಳಿದುಕೊಂಡೇ ಅವಳು ಅವನ ಬಳಿ ಬಂದಳು. ವಿಮಾನ ನಿಲ್ದಾಣದಲ್ಲಿ ಕೊಡದ ಅಪ್ಪುಗೆ ಆಗ ಸಿಕ್ಕಿತು. ಅವನು ಚಿಕ್ಕ ಮಗುವಿನಂತೆ ಅತ್ತ, ಅವಳು ಅವನ ಬೆನ್ನು ನೀವುತ್ತಾ ಅತ್ತಳು.

"ದಡ್ಡ," ಎಂದಳು. "ನೀನೇನೂ ನನ್ನನ್ನ ಕಳಿಸಬೇಕಾಗಿಲ್ಲ. ನಾನಾಗೇ ಹೋಗ್ತೀನಿ. ತಲೆ ಎತ್ಕೊಂಡು ಹೋಗ್ತೀನಿ, ಅರ್ಜಿ ಮಂಜೂರಾದ ಮೇಲೆ ತಲೆ ಎತ್ಕೊಂಡೇ ಬರ್ತೀನಿ. ಯಾರು ಬಾಗಿಲು ಬಡಿದ್ರೂ ನಾನೇ ಹೋಗಿ ತೆಗೀಬೇಕು."

ಅಂಗಡಿಯಿಂದ ಬಂದ ತೀತಾ ಬೇಬಿ ನೆಲದ ಮೇಲೆ ಬಿದ್ದ ಬೆಡ್‌ಶೀಟ್ ನೋಡಿದರು, ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಇಬ್ಬರನ್ನೂ ನೋಡಿದರು.

"ಒಂದು ಕೆಲಸ ನೆಟ್ಟಗೆ ಮಾಡಲ್ಲ ನೀವು," ಎಂದು ಗೊಣಗುತ್ತಾ ತಾವೇ ಮಡಚಿದರು.

ಉಳಿದದ್ದು ಕೆಲವೇ ದಿನ. ಹೊಸದಾಗಿ ಮದುವೆಯಾದವರು ಹೇಗಿರುತ್ತಾರೋ ಹಾಗಿದ್ದರು. ಚೆರ್ರಿ ಹೂವು ಉದುರಿಹೋಗಿತ್ತು, ಬರಿಯ ಮರಗಳ ಕೆಳಗೇ ಕೈ ಹಿಡಿದು ಓಡಾಡಿದರು. ಅಡುಗೆಮನೆಯಲ್ಲಿ ಒಣಮೀನು ಹುರಿದು ಹೊಗೆಯ ಅಲಾರಂ ಕೂಗಿಸಿ, ತೀತಾ ಬೇಬಿಯಿಂದ ಬೈಸಿಕೊಂಡು ನಕ್ಕರು.

ಹೊರಡುವ ದಿನ ಬಂದೇ ಬಂತು.

ತೀತಾ ಬೇಬಿ ಕಾರಿನಿಂದಿಳಿಯುವ ಮೊದಲೇ ಅಳಲು ಶುರು ಮಾಡಿದ್ದರು. ನೆನಿಂಗ್ ಅಕ್ಕನೂ ಬಂದಿದ್ದಳು, ಲೆಮೆರಿಯ ತಂಗಿಗೆಂದು ಒಂದು ಭಾರದ ಚೀಲ ಹೊತ್ತುಕೊಂಡು. "ಈಗಲೂ ಹೇಳ್ತೀನಿ, ರೂಮ್ ಖಾಲಿ ಇದೆ," ಎಂದು ಕಿವಿಯಲ್ಲಿ ಉಸುರಿದಳು.

"ಬಾಡಿಗೆಗೆ ಕೊಟ್ಬಿಡಿ ಅಕ್ಕ," ಜೋವಿ ನಕ್ಕಳು.

ಇನ್ನು ಮುಂದೆ ಪ್ರಯಾಣಿಕರು ಮಾತ್ರ. ರೊಡೆಲ್ ಅವಳ ಕೈಚೀಲ ಹಿಡಿದುಕೊಂಡೇ ನಿಂತಿದ್ದ. ಕೊಡಲು ಮನಸ್ಸಿಲ್ಲ. ಇಷ್ಟು ಹೊತ್ತು ಪಾಸ್‌ಪೋರ್ಟು ಎಲ್ಲಿ, ನೀರಿನ ಬಾಟಲಿ ಎಲ್ಲಿ ಎಂದು ಅದೇ ಅದೇ ಕೇಳುತ್ತಿದ್ದವನು ಈಗ ಚೀಲದ ಪಟ್ಟಿಯನ್ನೇ ಮತ್ತೆ ಮತ್ತೆ ಸರಿಮಾಡುತ್ತಿದ್ದ.

ಜೋವಿ ಕೈಚೀಲ ಬಿಡಿಸಿಕೊಂಡಳು. ಎರಡು ಹೆಜ್ಜೆ ಹೋದಳು, ನಿಂತಳು, ತಿರುಗಿ ಬಂದಳು.

"ರೊಡೆಲ್, ಒಂದು ಕೇಳ್ತೀನಿ, ಇಲ್ಲ ಅನ್ಬಾರ್ದು. ನನ್ನ ಮುಖ ನೋಡಿದ್ರೆ ಬಾಯಿಂದ ಏನೋ ಬಂದ್ಬಿಡುತ್ತೆ ಅಂದ್ಯಲ್ಲ? ಅದನ್ನ ಈಗ ಹೇಳು."

"ಬೇಡ ಜೋವಿ..." ಅವನ ಕಣ್ಣು ತುಂಬಿತು. "ಹೇಳಿದ್ರೆ ನೀನು..."

"ನಾನು ಹೋಗೇ ಹೋಗ್ತೀನಿ. ಏನಂದ್ರೂ ನಿಲ್ಲಲ್ಲ, ಆಣೆ. ಆದ್ರೆ ಅದನ್ನ ಕೇಳಿಸ್ಕೊಳ್ದೆ ಹೆಂಗೆ ಹೋಗ್ಲಿ?"

ಜನ ಪಕ್ಕದಲ್ಲಿ ಹಾದು ಹೋಗುತ್ತಿದ್ದರು. ರೊಡೆಲ್ ಎರಡೂ ಕೈಯಿಂದ ಅವಳ ಮುಖ ಹಿಡಿದ.

"ಹೋಗ್ಬೇಡ," ಎಂದ. "ಜೋವಿ... ನನ್ನ ಬಿಟ್ಟು ಹೋಗ್ಬೇಡ."

ಅವಳು ಅವನ ಹಣೆಗೆ ಹಣೆ ತಾಗಿಸಿದಳು. ಅಳುವಿನ ನಡುವೆಯೇ ನಗು ಬಂತು.

"ಸರಿ," ಎಂದಳು ಜೋವಿ. "ಹೋಗಿ ಬರ್ತೀನಿ."