ಇಪ್ಪತ್ತು ಸಾಕು ಅಂದಿದ್ದಳು

ಮೊದಲ ದಿನ ಅವಳು ನನ್ನನ್ನು ಅಣ್ಣ ಎಂದು ಕರೆದಳು. ನನಗೆ ಅದು ಸುತರಾಂ ಹಿಡಿಸಲಿಲ್ಲ.

ಗುಂಡ್ಲುಪೇಟೆಯಲ್ಲಿ ಊಟಿಗೂ ಕೇರಳಕ್ಕೂ ದಾರಿ ಒಡೆಯುವುದಕ್ಕೆ ಸ್ವಲ್ಪ ಮುಂಚೆ ನನ್ನ ಟೈರ್ ಅಂಗಡಿ. ಹದಿಮೂರು ವರ್ಷ ಲಾರಿ ಚಕ್ರಗಳ ಜೊತೆ ಗುದ್ದಾಡಿ ನನ್ನ ಕೈಯೂ ಒರಟು, ಮಾತೂ ಒರಟು. ಪುಕ್ಕಟೆ ಗಾಳಿ ಕೇಳುವವರನ್ನು ಕಂಡರಂತೂ ಮೈ ಉರಿಯುತ್ತದೆ. ಸ್ಕೂಟರಿನ ಮುಂದೆ ಎರಡು ಹಲಗೆ ನಿಲ್ಲಿಸಿಕೊಂಡು ಬಂದ ಈ ಹುಡುಗಿ ಹೆಲ್ಮೆಟ್ ಕೂಡ ತೆಗೆಯದೆ ಕೇಳಿದಳು:

“ಅಣ್ಣಾ, ಇವೆರಡರಲ್ಲಿ ಯಾವುದು ತಗೊಳ್ಳಲಿ, ನೋಡಿ ಹೇಳ್ತೀರಾ?”

ಉದ್ದನೆಯ ಹಲಗೆ, ಅಡಿಯಲ್ಲಿ ಎರಡು ಆಕ್ಸಲ್, ಗಾಳಿ ತುಂಬುವ ನಾಲ್ಕು ಪುಟ್ಟ ಟೈರು, ಮೇಲೆ ಪಾದ ತೂರಿಸಲು ಎರಡು ಪಟ್ಟಿ.

“ಇದೇನ್ ಮೇಡಂ, ಮಕ್ಕಳ ಗಾಡೀನಾ?”

“ಮೌಂಟನ್ ಬೋರ್ಡು ಕಣ್ರೀ. ಇದರ ಮೇಲೆ ನಿಂತ್ಕೊಂಡು ಗುಡ್ಡ ಇಳಿಯೋದು.”

“ಬ್ರೇಕು?”

“ಇದಕ್ಕಿಲ್ಲ.”

“ಹ್ಯಾಂಡಲ್ಲು?”

“ಅದೂ ಇಲ್ಲ.” ಹೆಲ್ಮೆಟ್ ತೆಗೆದು ನಕ್ಕಳು. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ಕೈಯಲ್ಲಿದ್ದ ಸ್ಪ್ಯಾನರನ್ನು ಎಲ್ಲಿಟ್ಟೆ ಎಂಬುದೇ ನನಗೆ ಮರೆತುಹೋಯಿತು.

ಹೆಸರು ಶಶಿರೇಖಾ. ಹರವೆಯವಳು, ಇಲ್ಲಿಯ ಒಂದು ಶಾಲೆಯಲ್ಲಿ ಡ್ರಿಲ್ ಟೀಚರ್. ಬಂಡೀಪುರದ ದಾರಿಯಲ್ಲಿ ರೆಸಾರ್ಟ್ ನಡೆಸುವ ಕಿರಣ್ ಕುಮಾರ್ ಎಂಬುವವರು ಈ ಆಟ ಶುರು ಮಾಡುವವರಿದ್ದರು. ಎರಡು ತಿಂಗಳಲ್ಲಿ ತಮ್ಮ ಗುಡ್ಡ ಇಳಿದು ತೋರಿಸಿದರೆ ಕಲಿಸುವ ಕೆಲಸ ಅವಳಿಗೇ ಎಂದಿದ್ದರು. ಅಭ್ಯಾಸಕ್ಕೆ ಹಳೆಯ ಬೋರ್ಡು ಎರಡು ಕೊಟ್ಟು, ಒಂದನ್ನು ಇಟ್ಟುಕೋ ಎಂದಿದ್ದರು.

ಅವಳ ಕಣ್ಣು ಥಳಥಳ ಹೊಳೆಯುವ ಕೆಂಪು ಬೋರ್ಡಿನ ಮೇಲಿತ್ತು. ನಾನು ಅದರ ಚಕ್ರ ತಿರುಗಿಸಿ ಕಿವಿ ಕೊಟ್ಟೆ. ಬೇರಿಂಗ್ ಗರಗರ ಅಂದಿತು. ಅದನ್ನೇನೋ ಬದಲಾಯಿಸಬಹುದಿತ್ತು. ಆದರೆ ಹಲಗೆ ಮಗುಚಿದರೆ, ಬೋಲ್ಟು ಕೂತ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಇನ್ನೊಂದು ಬೋರ್ಡು ಕಪ್ಪು, ಮೈತುಂಬ ಗೀರು. ಅದರ ಮೇಲೆ ನಿಂತು ಕುಪ್ಪಳಿಸಿದೆ. ಬಾಗಿತು, ಮತ್ತೆ ಸರಿಯಾಗಿ ನೆಟ್ಟಗಾಯಿತು. ನಾಲ್ಕು ಟೈರೂ ಒಂದೇ ಸಮ ಸವೆದಿದ್ದವು.

“ಇದನ್ನ ತಗೊಳ್ಳಿ.”

“ಅಯ್ಯೋ, ನೋಡೋಕೆ ಚೆನ್ನಾಗಿಲ್ವಲ್ಲಾ.”

“ನಾನೂ ನೋಡೋಕೆ ಚೆನ್ನಾಗಿಲ್ಲ. ಕೆಲಸ ಚೆನ್ನಾಗಿ ಮಾಡ್ತೀನಿ.”

ಅವಳು ನನ್ನನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದಳು. “ಅಷ್ಟೇನೂ ಮೋಸ ಇಲ್ಲ ಬುಡಿ,” ಎಂದು ಕಪ್ಪು ಬೋರ್ಡನ್ನೇ ಆರಿಸಿಕೊಂಡಳು.

ಆಮೇಲೆ ನನ್ನ ಭಾನುವಾರಗಳೆಲ್ಲ ಹರವೆಗೆ ಹೋದವು.

ಹುರುಳಿ ಕಿತ್ತು ಖಾಲಿಯಾದ ಅವಳ ಸೋದರಮಾವನ ಹೊಲದಲ್ಲಿ ಹದವಾದ ಇಳಿಜಾರಿತ್ತು. ಮೊದಲ ಭಾನುವಾರ ಪೂರ್ತಿ ಅವಳು ಬೀಳುವುದನ್ನಷ್ಟೇ ಕಲಿತಳು. ಮಂಡಿಗೆ, ಮಣಿಕಟ್ಟಿಗೆ ಕಾಪು ಕಟ್ಟಿಕೊಂಡು, ಹೆದರಿಕೆಯಾದ ಕೂಡಲೇ ಕುಕ್ಕರಿಸಿ ಪಕ್ಕಕ್ಕೆ ಉರುಳುವುದು. ಪಾದದ ಪಟ್ಟಿಯನ್ನು ಅವಳ ಶೂ ಅಳತೆಗೆ ಹೊಂದಿಸುವುದು ನನ್ನ ಕೆಲಸ. ಬಿಗಿಯಾದರೆ ಪಾದ ಜೋಮು ಹಿಡಿಯುತ್ತದೆ, ಸಡಿಲವಾದರೆ ಬೋರ್ಡು ಮಾತು ಕೇಳುವುದಿಲ್ಲ. ನಾನು ಬೇಕೆಂದೇ ಆ ಕೆಲಸವನ್ನು ನಿಧಾನವಾಗಿ ಮಾಡುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು, ಬೇಗ ಮಾಡಿ ಎಂದು ಒಂದು ದಿನವೂ ಅನ್ನಲಿಲ್ಲ.

ಸಂಜೆ ಚಕ್ರ ಬಿಚ್ಚಿ, ಬೇರಿಂಗಿನ ಧೂಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎರಡೇ ತೊಟ್ಟು ಎಣ್ಣೆ ಬಿಡುತ್ತಿದ್ದೆ. ಅವಳ ಮಾವ ಶಿವರುದ್ರಸ್ವಾಮಿ ಬದುವಿನ ಮೇಲೆ ನಿಂತು ಕೂಗುತ್ತಿದ್ದರು:

“ಏನ್ಲಾ ಸೋಮೇಸಾ, ಉಳ್ಳಿ ಒಲ್ದಲ್ಲಿ ನೀವಿಬ್ರೂ ಏನ್ಲಾ ಬಿತ್ತಾ ಇದ್ದೀರಿ?”

ಅವಳ ಕಿವಿ ಕೆಂಪಾಗುತ್ತಿತ್ತು. ನಾನು ಬೇರಿಂಗನ್ನು ಇನ್ನೊಂದು ಸಲ ಒರೆಸುತ್ತಿದ್ದೆ.

ಮೂರನೆಯ ಭಾನುವಾರ ಬೋರ್ಡು ಜಾರಿ, ಅವಳು ನೇರ ನನ್ನ ಮೇಲೆ ಬಂದಳು. “ಸೋಮೇಶ್!” ಎಂದು ಕಿರುಚಿ ನನ್ನ ಭುಜ ಹಿಡಿದಳು. ನಿಂತ ಮೇಲೂ ಕೈ ತೆಗೆಯಲು ಸ್ವಲ್ಪ ಹೊತ್ತಾಯಿತು. ಅವತ್ತಿಗೆ ಅಣ್ಣ ಅನ್ನುವುದು ನಿಂತುಹೋಯಿತು.

ಗಾಳಿಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಹೊಂದುತ್ತಿರಲಿಲ್ಲ.

“ಇಪ್ಪತ್ತು ಪೌಂಡ್ ಸಾಕು ಕಣ್ರೀ. ಟೈರು ಮೆತ್ತಗಿದ್ರೆ ನೆಲ ಹಿಡ್ಕೊಳ್ಳುತ್ತೆ, ನಿಧಾನ ಹೋಗುತ್ತೆ. ಕಲಿಯೋರಿಗೆ ಅದೇ ಬೇಕು.”

ನಾನು ತಲೆಯಾಡಿಸುತ್ತಿದ್ದೆ, ಆದರೆ ಒಳಗೊಳಗೇ ಒಪ್ಪುತ್ತಿರಲಿಲ್ಲ. ಘಾಟಿ ಇಳಿಯುವ ಯಾವ ಡ್ರೈವರೂ ಮೆತ್ತಗಿನ ಟೈರಿನಲ್ಲಿ ಹೊರಡುವುದಿಲ್ಲ. ಗಾಳಿ ಕಮ್ಮಿಯಾದ ಟೈರು ಕಲ್ಲಿಗೆ ಸಿಕ್ಕು ಸೀಳಿದ್ದನ್ನು ಎಷ್ಟು ನೋಡಿಲ್ಲ ನಾನು!

ರೆಸಾರ್ಟಿನ ಗುಡ್ಡ ಇಳಿಯುವ ಹಿಂದಿನ ದಿನ ಜಾಗ ನೋಡಿ ಬಂದೆ. ಚೂಪು ಜಲ್ಲಿ. ಅಂಗಡಿಗೆ ಬಂದವನೇ, ಅವಳು ಬಿಟ್ಟುಹೋಗಿದ್ದ ಬೋರ್ಡಿನ ನಾಲ್ಕು ಟೈರಿಗೂ ನಲವತ್ತೈದು ಪೌಂಡ್ ತುಂಬಿದೆ. ಅವಳಿಗೆ ಏನೂ ಆಗದಿರಲಿ ಎಂದೇ ತುಂಬಿದೆ.

“ಗಾಳಿ ನೋಡಿದ್ರಾ?” ಎಂದು ಮರುದಿನ ಗುಡ್ಡದ ಮೇಲೆ ಕೇಳಿದಳು.

“ನೋಡಿದ್ದೀನಿ,” ಎಂದೆ.

ಹತ್ತು ಮಾರು ಹೋಗುವಷ್ಟರಲ್ಲೇ ಬೋರ್ಡು ಅವಳ ಕೈಮೀರಿತು. ಗಟ್ಟಿ ಟೈರು ಜಲ್ಲಿಯ ಮೇಲೆ ಪುಟಿಯುತ್ತಿತ್ತು. ಕುಕ್ಕರಿಸಲು ನೋಡಿದಳು, ಆಗಲಿಲ್ಲ. ಬಿದ್ದ ಸದ್ದು ನನಗೆ ಮೇಲಿನವರೆಗೂ ಕೇಳಿಸಿತು.

ಕಿರಣ್ ಕುಮಾರ್ ಕಡೆಯವರು ಅವಳನ್ನು ಎತ್ತಿ ಜೀಪಿಗೆ ಹಾಕುತ್ತಿದ್ದರು. ನಾನು ಪೊದೆಯ ಹತ್ತಿರ ಬಿದ್ದಿದ್ದ ಬೋರ್ಡಿನ ಮುಂದೆ ಮಂಡಿಯೂರಿ, ಒಂದೊಂದೇ ವಾಲ್ವ್ ಒತ್ತಿ ಗಾಳಿ ಬಿಟ್ಟೆ, ನಾಲ್ಕೂ ಚಕ್ರ ಮೆತ್ತಗಾಗುವವರೆಗೆ. ಆಮೇಲೆ ಓಡಿಹೋಗಿ ಜೀಪು ಹತ್ತಿದೆ. ನನ್ನ ಬದುಕಿನಲ್ಲಿ ಅಷ್ಟು ಹೇಸಿಗೆಯ ಕೆಲಸ ಇನ್ನೊಂದು ಮಾಡಿಲ್ಲ.

ಕೊರಳ ಹತ್ತಿರದ ಮೂಳೆ ಮುರಿದಿತ್ತು. ಚಾಮರಾಜನಗರದ ಡಾಕ್ಟರು ಕೈಗೆ ಜೋಲಿ ಕಟ್ಟಿ ಆರು ವಾರ ಎಂದರು.

ಆರು ವಾರವೂ ನಾನು ಹರವೆಗೆ ಹೋದೆ. ಅವಳ ತಾಯಿ ಗಂಗಾಂಬಿಕೆಯವರು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾ, “ನೀನು ಅಷ್ಟ್ ಚೆಂದಾಗಿ ನೋಡ್ಕಂಡಿದ್ದುಕ್ಕೆ ಇಷ್ಟ್ರಲ್ಲೇ ಓಯ್ತು ಕಣಪ್ಪಾ,” ಅನ್ನುತ್ತಿದ್ದರು. ನಾನು ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದೆ. ಶಶಿರೇಖಾ ನನ್ನ ಕಡೆ ನೋಡಿ ನಗುತ್ತಿದ್ದಳು. ಗುಳಿ ಮಾತ್ರ ಬೀಳುತ್ತಿರಲಿಲ್ಲ.

ಜೋಲಿ ಬಿಚ್ಚಿದ ವಾರ ಬೋರ್ಡನ್ನು ತಂದು ಜಗಲಿಯ ಮೇಲೆ ನನ್ನ ಮುಂದಿಟ್ಟಳು.

“ಕಿರಣ್ ಕುಮಾರ್ ಅವರಿಗೆ ವಾಪಸ್ ಕೊಟ್ಬುಡಿ. ಇನ್ನೊಂದ್ಸಲ ಬಾ ಅಂದ್ರು, ಆಗಲ್ಲ ಅಂದ್ಬುಟ್ಟೆ.”

“ಯಾಕೆ?”

“ಟೈರು ಮೆತ್ತಗೇ ಇತ್ತು, ನೋಡ್ದೆ. ನನ್ನ ಕಾಲೇ ನನ್ನ ಮಾತು ಕೇಳಲ್ಲ ಅಂದ್ಮೇಲೆ ಇನ್ನೊಬ್ಬರಿಗೆ ಏನ್ ಕಲಿಸ್ಲಿ? ಈಗ ಶಾಲೇಲಿ ಮೆಟ್ಟಿಲು ಇಳಿಯೋಕೂ ಹೆದರಿಕೆ.” ತಲೆ ತಗ್ಗಿಸಿ ಮೆಲ್ಲಗೆ ಸೇರಿಸಿದಳು, “ಬೋರ್ಡ್ ಹೋದ್ರೂ ನೀವು ಬರೋದು ಬಿಡ್ಬೇಡಿ.”

ಮೂರು ತಿಂಗಳಿಂದ ಆ ಮಾತಿಗಾಗಿ ಕಾದಿದ್ದೆ. ಬೋರ್ಡು ಎತ್ತಿಕೊಂಡು ಸುಮ್ಮನೆ ಹೊರಟಿದ್ದರೆ ನನ್ನ ಗುಟ್ಟು ಅಲ್ಲಿಗೆ ಮುಗಿಯುತ್ತಿತ್ತು, ಅವಳು ನನ್ನವಳಾಗುತ್ತಿದ್ದಳು. ಬದುಕಿಡೀ ತನ್ನ ಕಾಲುಗಳಿಗೆ ಹೆದರಿಕೊಂಡೇ ಇರುತ್ತಿದ್ದಳು.

“ನಿಮ್ಮ ಕಾಲಿನ ತಪ್ಪಲ್ಲ,” ಎಂದೆ. “ನಲವತ್ತೈದು ತುಂಬಿದ್ದೆ. ಬಿದ್ದ ಮೇಲೆ ಗಾಳಿ ಬಿಟ್ಟಿದ್ದೂ ನಾನೇ.”

ಅವಳು ಬಗ್ಗಿ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

“ತುಂಬಿದ್ದು ಗೊತ್ತಾಯ್ತು. ಲಾರಿ ಬುದ್ಧಿ. ಬಿಟ್ಟಿದ್ದು ಯಾಕೆ?”

“ಹೆದರಿಕೊಂಡೆ. ನೀವು ನನ್ನ ಬಿಟ್ಬುಡ್ತೀರಾ ಅಂತ.”

“ಆರು ವಾರ ಈ ಕಾಲಿಗೆ ಬೈದ್ಕೊಂಡು ಅತ್ತಿದ್ದೀನಿ. ನೀವು ಎದುರಿಗೆ ಕೂತ್ಕೊಂಡು ಮೂಸಂಬಿ ಸುಲೀತಿದ್ರಿ.” ಬೋರ್ಡನ್ನು ನನ್ನ ಮುಂದಿನಿಂದ ಎಳೆದುಕೊಂಡಳು. “ಹೋಗಿ.”

ಹದಿನೈದು ದಿನ ಫೋನಿಲ್ಲ. ಅಂಗಡಿಯಲ್ಲಿ ನಾನು ಎಲ್ಲರ ಮೇಲೂ ರೇಗಿದೆ. ಆಮೇಲೆ ಒಂದು ಮೆಸೇಜ್ ಬಂತು. ‘ಭಾನುವಾರ ಹೊಲಕ್ಕೆ ಬನ್ನಿ. ಬೋರ್ಡ್ ಮುಟ್ಟೋ ಹಾಗಿಲ್ಲ.’

ಅವಳು ಆಗಲೇ ಕಾಪು ಕಟ್ಟಿಕೊಂಡು ನಿಂತಿದ್ದಳು. ನನ್ನ ಮುಖ ನೋಡಲಿಲ್ಲ. ಬೋರ್ಡು ಉರುಳಿಸಿದಾಗ ನನ್ನ ಕಿವಿ ಚುರುಕಾಯಿತು. ಹೇಳಿದರೆ ಮತ್ತೆ ಬೈಯುತ್ತಾಳೇನೋ ಅನ್ನಿಸಿತು. ಆದರೂ ಹೇಳಿದೆ.

“ಹಿಂದಿನ ಎಡಚಕ್ರದ ಬೇರಿಂಗಲ್ಲಿ ಮಣ್ಣಿದೆ. ನಾನು ಮುಟ್ಟಲ್ಲ. ನೀವೇ ಬಿಚ್ಚಿ.”

ಅವಳು ಕೂತು ನಟ್ಟು ಬಿಚ್ಚಿದಳು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ಬಾಯಲ್ಲಿ ಹೇಳಿದೆ. ತೊಳೆದಳು, ಒರೆಸಿದಳು, ಎರಡು ತೊಟ್ಟು ಬಿಟ್ಟಳು. ನಟ್ಟು ಬಿಗಿಯಾಗಿ ತಿರುಗಿಸಿದಾಗ, ಚಕ್ರ ತಿರುಗೋಕೆ ಜಾಗ ಬಿಡಿ ಎಂದೆ. ಅರ್ಧ ಸುತ್ತು ಸಡಿಲಿಸಿದಳು. ಗಾಳಿಯನ್ನು ತಾನೇ ಅಳೆದಳು.

ಇಳಿಯುವಾಗ ನಡುವೆ ಒಮ್ಮೆ ವಾಲಿದಳು. ಓಡಲು ಹೋದೆ. “ಬರ್ಬೇಡಿ!” ಎಂದು ಕೂಗಿದಳು. ನಿಂತೆ. ಅದಕ್ಕಿಂತ ಕಷ್ಟದ ಕೆಲಸ ನನಗೆ ಗೊತ್ತಿಲ್ಲ. ಅವಳು ತಾನೇ ಸರಿಹೋಗಿ, ಬೋರ್ಡನ್ನು ಅಡ್ಡ ತಿರುಗಿಸಿ, ನನ್ನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಳು. ಏದುಸಿರು ಬಿಡುತ್ತಿದ್ದಳು. ಕಣ್ಣು ತುಂಬಿತ್ತು.

“ಕಾಲು ಸರಿಯಾಗೇ ಇದೆ,” ಎಂದಳು.

“ಸರಿಯಾಗೇ ಇದೆ.”

“ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?”

“ಒಂದಿದೆ. ನಿಮ್ಮನ್ನೇ ಮದುವೆ ಆಗ್ಬೇಕು ಅಂತ ಆಸೆ.”

“ಅದನ್ನ ಮುಚ್ಚಿಟ್ಟಿದ್ರಾ? ಹರವೆಗೆಲ್ಲಾ ಗೊತ್ತು.” ಅವಳು ನಗಲಿಲ್ಲ. “ನನಗೂ ಇಷ್ಟಾನೇ. ಆದ್ರೆ ಸಿಟ್ಟು ಹೋಗಿಲ್ಲ. ಬೇಗ ಹೋಗೋದೂ ಇಲ್ಲ.”

“ಕಾಯ್ತೀನಿ.”

“ಸುಮ್ನೆ ಕಾಯೋದಲ್ಲ. ಪ್ರತಿ ಭಾನುವಾರ ಬಂದು ಬೈಸ್ಕೊಬೇಕು.” ಪಾದದ ಪಟ್ಟಿ ಬಿಚ್ಚಿ, ಬೋರ್ಡನ್ನು ಎತ್ತಿ ನನ್ನ ಕೈಗೆ ಕೊಟ್ಟಳು. “ಹೊತ್ಕೊಳ್ಳಿ. ಇನ್ನೊಂದ್ಸಲ ಇಳೀತೀನಿ.”